ಕ್ಲಿಯರಿಂಗ್ ಪೆಟ್ಟಿಗೆ ಹೊತ್ತ ಚಾಚಾ

ಕಳೆದ ತಿಂಗಳು ಬೊರಿವಲಿಯ ಪೋಸ್ಟಾಫೀಸಿನಲ್ಲಿ ಪಾರ್ಸಲ್ ಕೊಡಲು ನಿಂತಿದ್ದೆ. ಕೌಂಟರಿನ ಹಿಂದೆ ಯಾರೋ ಅರಗು ಕರಗಿಸುತ್ತಿದ್ದರು. ಆ ವಾಸನೆ ಮೂಗಿಗೆ ಬಿದ್ದು ಐವತ್ತು ವರ್ಷವಾದರೂ ಆಗಿರಬೇಕು. ಕೋಟೆ ಭಾಗದ ಗಲ್ಲಿಯಲ್ಲಿದ್ದ ನಮ್ಮ ಬ್ಯಾಂಕು, ಕಪ್ಪು ತಗಡಿನ ಪೆಟ್ಟಿಗೆ, ಅದನ್ನು ಹೊತ್ತು ನಡೆಯುತ್ತಿದ್ದ ಚಾಚಾ, ಎಲ್ಲವೂ ಒಟ್ಟಿಗೇ ಕಣ್ಣ ಮುಂದೆ ಬಂದವು.

ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಒಂದು ಚಿಕ್ಕ ಸಹಕಾರಿ ಬ್ಯಾಂಕಿನ ಕ್ಲಿಯರಿಂಗ್ ವಿಭಾಗದಲ್ಲಿ ಗುಮಾಸ್ತೆ. ನಮ್ಮ ಗಿರಾಕಿಗಳು ತಂದು ಹಾಕಿದ ಬೇರೆ ಬ್ಯಾಂಕುಗಳ ಚೆಕ್ಕುಗಳನ್ನು ಬೆಳಿಗ್ಗೆ ವಿಂಗಡಿಸಿ, ಕಟ್ಟು ಕಟ್ಟಿ, ಪೆಟ್ಟಿಗೆಗೆ ತುಂಬಿ, ಬೀಗದ ಮೇಲೆ ಅರಗಿನ ಮುದ್ರೆ ಒತ್ತುತ್ತಿದ್ದೆ. ಬ್ಯಾಂಕಿನ ಜವಾನರಾಗಿದ್ದ ಚಾಚಾ ಅದನ್ನು ಹೆಗಲಿಗೇರಿಸಿಕೊಂಡು ಮುಂದೆ, ನಾನು ಹಿಂದೆ. ಊರಿನ ಬ್ಯಾಂಕುಗಳೆಲ್ಲ ಚೆಕ್ಕು ಬದಲಾಯಿಸಿಕೊಳ್ಳುವ ಕ್ಲಿಯರಿಂಗ್ ಹಾಲಿನಲ್ಲಿ ಒಂದೊಂದು ಬ್ಯಾಂಕಿಗೂ ಒಂದೊಂದು ಮೇಜು. ನಮ್ಮ ಕಟ್ಟುಗಳನ್ನು ಅವರಿಗೆ ಕೊಟ್ಟು, ನಮ್ಮ ಮೇಲೆ ಬರೆದ ಚೆಕ್ಕುಗಳನ್ನು ಅವರಿಂದ ತೆಗೆದುಕೊಳ್ಳಬೇಕು. ಕೊನೆಗೆ ಕೊಡುವುದನ್ನೂ ಬರುವುದನ್ನೂ ಕೂಡಿಸಿ ಕಳೆದು, ಉಳಿದ ವ್ಯತ್ಯಾಸವನ್ನಷ್ಟೇ ತುಂಬಿದರಾಯಿತು.

ಚಾಚಾ ವಿಜಾಪುರದ ಕಡೆಯವರು. ಐವತ್ತು ದಾಟಿತ್ತು. ಅಕ್ಷರ ಬರುತ್ತಿರಲಿಲ್ಲ. ಆದರೆ ದಹಿಸರದ ಕಲ್ಲುಗಣಿಯಲ್ಲಿ ದುಡಿಯುತ್ತಿದ್ದ ತಮ್ಮ ಸೀಮೆಯ ಕೂಲಿಕಾರರನ್ನು ಒಬ್ಬೊಬ್ಬರಾಗಿ ಕರೆತಂದು, ಹೆಬ್ಬೆಟ್ಟು ಒತ್ತಿಸಿ, ನಮ್ಮಲ್ಲಿ ಖಾತೆ ತೆರೆಸಿದ್ದರು. ಹಿಂದೂ, ಮುಸಲ್ಮಾನ ಎನ್ನದೆ ಎಲ್ಲರೂ ಅವರ ಮಾತನ್ನು ನಂಬುತ್ತಿದ್ದರು. ಪ್ರತಿ ಭಾನುವಾರ ದಹಿಸರಕ್ಕೆ ಹೋಗಿ, ಆ ಕೂಲಿಕಾರರು ಕೊಟ್ಟ ಚಿಲ್ಲರೆಯನ್ನು ಸೋಮವಾರ ತಂದು ಕಟ್ಟುತ್ತಿದ್ದರು.

ದೀಪಾವಳಿ ಕಳೆದು ಕೆಲವು ವಾರಗಳಾಗಿರಬೇಕು. ಕ್ಲಿಯರಿಂಗ್ ಹಾಲಿನಿಂದ ಬಂದ ಚಾಚಾ ಪೆಟ್ಟಿಗೆ ಇಳಿಸಿ, ಹೆಗಲು ತಿಕ್ಕಿಕೊಳ್ಳುತ್ತಾ ಮೆಲ್ಲಗೆ ಹೇಳಿದರು:

"ಬಾಯಾರ, ಒಂದ್ ಮಾತ ಹೇಳ್ಲೇನ್ರಿ? ಪೆಟ್ಟಿಗಿ ಹೋಗೂವಾಗ ಹಗರ ಆಗಾಕತ್ತೈತಿ. ಬರೂವಾಗ ಹೆಗಲ ಮುರೀತೈತಿ."

ನಾನು ನಕ್ಕುಬಿಟ್ಟೆ. ಆದರೆ ನಾನು ಅಂಕಿಗಳಲ್ಲಿ ನೋಡುತ್ತಿದ್ದುದನ್ನೇ ಆ ಹೆಗಲು ಹೇಳಿತ್ತು. ಬ್ಯಾಂಕಿಗೆ ಬರುವ ಹಣ ಕಡಿಮೆಯಾಗುತ್ತಿತ್ತು, ಹೋಗುವ ಹಣ ಹೆಚ್ಚುತ್ತಿತ್ತು. ಆಡಳಿತ ಮಂಡಳಿಯವರು ತಮ್ಮದೇ ನೆಂಟನ ಕಾರಖಾನೆಗೆ ಕೊಟ್ಟ ದೊಡ್ಡ ಸಾಲ ಮುಳುಗಿದೆ ಎಂಬ ಗುಸುಗುಸು ಎಲ್ಲರ ಕಿವಿಗೂ ಬಿದ್ದಿತ್ತು. ಹಾಲಿನಲ್ಲಿ ಪಕ್ಕದ ಮೇಜಿನವರು ನಮ್ಮೊಡನೆ ತಮಾಷೆ ಮಾಡುವುದನ್ನು ನಿಲ್ಲಿಸಿದ್ದರು. ನಾವು ಕೊಟ್ಟ ಕಟ್ಟುಗಳನ್ನು ಎರಡೆರಡು ಸಲ ಎಣಿಸುತ್ತಿದ್ದರು.

ಒಂದು ದಿನ ಮ್ಯಾನೇಜರು ಒಳಗೆ ಕರೆದರು. "ಕ್ಲಿಯರಿಂಗಿನ ಮಾತು ಈ ಬಾಗಿಲು ದಾಟಬಾರದು. ದಾಟಿದ್ರೆ ಬೆಳಗಾಗೋದ್ರೊಳಗೆ ಮೆಟ್ಟಿಲ ಮೇಲೆ ಜನ ನಿಂತಿರ್ತಾರೆ. ನಿಮ್ಮ ಕೆಲಸಾನೂ ಹೋಗ್ತದೆ."

ಅಪ್ಪ ಬಿಟ್ಟುಹೋದ ಹಣ ಅಮ್ಮನ ಹೆಸರಿನಲ್ಲಿ ನಮ್ಮ ಬ್ಯಾಂಕಿನಲ್ಲೇ ಇತ್ತು. ತಂಗಿಯ ಮದುವೆಗೆಂದು ಇಟ್ಟದ್ದು. ಆ ವಾರವೇ ಅಮ್ಮನಿಂದ ಚೆಕ್ ಬರೆಸಿ, ಮನೆಯ ಹತ್ತಿರ, ವಡಾಲದಲ್ಲಿದ್ದ ಬೇರೆ ಬ್ಯಾಂಕಿಗೆ ಹಾಕಿಸಿದೆ. ಎರಡು ದಿನದ ಮೇಲೆ ಆ ಚೆಕ್ಕು ಕ್ಲಿಯರಿಂಗಿನಲ್ಲಿ ನಮ್ಮ ಬ್ಯಾಂಕಿಗೆ ಬಂತು... ಚಾಚಾನ ಹೆಗಲ ಮೇಲೇ ಬಂತು. ಪೆಟ್ಟಿಗೆಯಿಂದ ಅದನ್ನು ತೆಗೆಯುವಾಗ ಅವರು ಎದುರಿಗೇ ನಿಂತು ನೀರು ಕುಡಿಯುತ್ತಿದ್ದರು.

ಶನಿವಾರ ಮಧ್ಯಾಹ್ನ ಅವರು ನನ್ನ ಮೇಜಿನ ಹತ್ತಿರ ಬಂದರು.

"ನಾಳೆ ದಹಿಸರಕ್ಕ ಹೊಂಟೀನ್ರಿ. ನೀವು ಓದಿದವ್ರು. ರೊಕ್ಕಾ ತಕ್ಕೋರಿ ಅಂತ ನಮ್ಮ ಮಂದಿಗೆ ಹೇಳ್ಲ್ಯಾ, ಬ್ಯಾಡಾ?"

ಮ್ಯಾನೇಜರ ಬಾಗಿಲು ತೆರೆದೇ ಇತ್ತು.

"ಎಂತ ಆಗೋದಿಲ್ಲ ಚಾಚಾ. ಸುಮ್ನೆ ಹೆದರಿಸಬೇಡಿ. ನನ್ನ ತಂಗಿ ಮದುವೆ ದುಡ್ಡೇ ಇಲ್ಲಿ ಉಂಟಲ್ಲ?" ಎಂದೆ.

ಅವರ ಮುಖದ ಗಂಟು ಸಡಿಲಾಯಿತು. "ಹಂಗಂದ್ರ ಸೈ ಬಿಡ್ರಿ," ಎಂದು ಹೋದರು.

ಅದಾಗಿ ನಾಲ್ಕೈದು ದಿನವಷ್ಟೇ. ಹಾಲಿನಲ್ಲಿ ಲೆಕ್ಕ ಮುಗಿಯುವ ಹೊತ್ತಿಗೆ ಮೇಲ್ವಿಚಾರಕರು ನಮ್ಮ ಮೇಜಿಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದರು: ವ್ಯತ್ಯಾಸ ತುಂಬುವಷ್ಟು ಹಣ ನಿಮ್ಮ ಖಾತೆಯಲ್ಲಿಲ್ಲ, ನಿಮ್ಮ ಕಟ್ಟುಗಳನ್ನೆಲ್ಲ ವಾಪಸು ತೆಗೆದುಕೊಳ್ಳಿ. ಒಂದು ಬ್ಯಾಂಕು ತಪ್ಪಿದರೆ ಎಲ್ಲರ ಲೆಕ್ಕವೂ ತಪ್ಪುತ್ತದೆ. ಹಾಲಿನವರೆಲ್ಲ ಮೊದಲಿನಿಂದ ಕೂಡಿಸತೊಡಗಿದರು. ಕೂಡಿಸುವ ಯಂತ್ರಗಳ ಖಟಖಟ ಸದ್ದು ಮಾತ್ರ. ಒಂದೊಂದೇ ಮೇಜಿನಿಂದ ನಮ್ಮ ಕಟ್ಟುಗಳು ತಿರುಗಿ ಬಂದವು. ಚಾಚಾ ಪೆಟ್ಟಿಗೆ ತುಂಬಿಕೊಂಡರು. ಗಲ್ಲಿ ತಲುಪಿದಾಗ ಬ್ಯಾಂಕಿನ ಶಟರು ಅರ್ಧ ಇಳಿದಿತ್ತು. ಅದರ ಮುಂದೆ ಜನ ಸೇರತೊಡಗಿದ್ದರು.

ಬರುವ ಭಾನುವಾರ ದಹಿಸರಕ್ಕೆ ಹೋಗಬೇಡಿ, ಹೊಡೆದಾರು ಎಂದೆ.

"ಕರಕೊಂಡ್ ಬಂದಾಂವ ನಾನ. ನಾನ ಹೋಗಬೇಕ್ರಿ."

ಹೋದರು. ಯಾರೂ ಹೊಡೆಯಲಿಲ್ಲವಂತೆ. ಒಬ್ಬ ಹೆಂಗಸು ಮಾತ್ರ, "ನಿನಗ ಗೊತ್ತಿತ್ತೇನು?" ಎಂದು ಕೇಳಿದಳಂತೆ.

"ನೀವೇನಂದ್ರಿ?" ಎಂದೆ.

"ಹೂಂ ಅಂದೆ. ನನ್ನ ಹೆಗಲಿಗೆ ಗೊತ್ತಿತ್ತಲ್ರಿ."

ಆಗ ನಮ್ಮಂಥ ಬ್ಯಾಂಕುಗಳ ಠೇವಣಿಗೆ ವಿಮೆಯಿರಲಿಲ್ಲ. ಬ್ಯಾಂಕು ಮುಚ್ಚಿಸಲು ಬಂದ ಸರಕಾರಿ ಅಧಿಕಾರಿಯ ಕಚೇರಿ ಮುಂದೆ ತಿಂಗಳುಗಟ್ಟಲೆ ಸಾಲು. ದಹಿಸರದವರ ಪಾಸ್‌ಬುಕ್ಕುಗಳನ್ನೆಲ್ಲ ಬಟ್ಟೆಯಲ್ಲಿ ಕಟ್ಟಿಕೊಂಡು ಚಾಚಾ ಅಲ್ಲಿ ನಿಲ್ಲುತ್ತಿದ್ದರು. ಉಳಿದ ಹೊತ್ತು ಬಂದರಿನಲ್ಲಿ ಹಮಾಲಿ. ನಾನು ಅವರನ್ನು ಕೊನೆಯ ಸಲ ನೋಡಿದ್ದು ಆ ಸಾಲಿನಲ್ಲೇ. ತುಂಬಾ ಇಳಿದುಹೋಗಿದ್ದರು. ನನ್ನನ್ನು ಕಂಡು ತಾವೇ ಸಾಲು ಬಿಟ್ಟು ಬಂದರು.

"ನಿಮ್ಮ ತಂಗೀ ಮದವಿ ರೊಕ್ಕಾನೂ ಹೋತಲ್ರಿ ಬಾಯಾರ. ದಹಿಸರದಾಗ ಎಲ್ಲಾರೂ ಕೇಳತಾರ, ಆ ಹುಡಗೀ ಮದವಿ ಹೆಂಗ ಮಾಡತಾರೋ ಏನೋ ಅಂತ."



"ಹೇಗೋ ಆಗ್ತದೆ ಚಾಚಾ," ಎಂದೆ.

ಆ ಬೇಸಿಗೆಯಲ್ಲೇ ವಡಾಲದಲ್ಲಿ ಮದುವೆಯಾಯಿತು, ಚೆನ್ನಾಗಿಯೇ ಆಯಿತು. ಚಾಚಾನನ್ನು ಕರೆಯಲಿಲ್ಲ. ನನಗೆ ಬೇರೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. ಎಷ್ಟೋ ವರ್ಷದ ಮೇಲೆ ಠೇವಣಿದಾರರಿಗೆ ಅರ್ಧಕ್ಕೂ ಕಡಿಮೆ ಹಣ ಕೊಟ್ಟರೆಂದು ಕೇಳಿದೆ. ಅದು ಗಣಿಯ ಆ ಜನರಿಗೆ ತಲುಪಿತೋ ಇಲ್ಲವೋ...

ಬೊರಿವಲಿಯಿಂದ ದಹಿಸರ ಒಂದೇ ಸ್ಟೇಶನ್. ಅಲ್ಲಿ ಇಳಿಯಲು ನನಗೆ ಐವತ್ತು ವರ್ಷ ಬೇಕಾಯಿತು. ಗಣಿಯಿದ್ದ ಜಾಗದಲ್ಲಿ ಬಿಲ್ಡಿಂಗುಗಳಾಗಿದ್ದವು. ವಿಜಾಪುರದವರು ಯಾರಾದರೂ ಇದ್ದಾರಾ ಎಂದು ಚಹಾದ ಅಂಗಡಿಯಲ್ಲಿ ಕೇಳಿದರೆ ತಲೆಯಾಡಿಸಿದರು. ಚಾಚಾ ಈಗ ಬದುಕಿರುವ ಮಾತಿಲ್ಲ. ಎಲ್ಲಿ ಮಣ್ಣಾದರೆಂದೂ ತಿಳಿಯದು.

ತಂಗಿಗೆ ಇದು ಯಾವುದೂ ಗೊತ್ತಿಲ್ಲ. ಇದನ್ನು ಓದಿದ ಮೇಲೆ ಫೋನ್ ಮಾಡುತ್ತಾಳೋ, ಇಲ್ಲವೋ.