ಅಜ್ಜಿ ರೊಟ್ಟಿ ಬಡಿಯಲು ಕಲಿತದ್ದು

ನನಗೆ ರೊಟ್ಟಿ ಬಡಿಯುವುದನ್ನು ಕಲಿಸಬೇಕೆಂದು ಅವ್ವ ಹಟ ಹಿಡಿದಾಗ ನಾನಿನ್ನೂ ಏಳನೆಯ ಇಯತ್ತೆಯಲ್ಲಿದ್ದೆ. ಕುಷ್ಟಗಿಯ ನಮ್ಮ ಮನೆಯಲ್ಲಿ ಅವ್ವ ಜೋಳದ ಹಿಟ್ಟಿಗೆ ಕುದಿನೀರು ಹಾಕಿ ನಾದುತ್ತ ನನ್ನನ್ನು ಒಲೆಯ ಮುಂದೆ ಕೂರಿಸಿಕೊಂಡಳು. ಪಡಸಾಲೆಯಲ್ಲಿ ಕಾಳು ಹಸನು ಮಾಡುತ್ತಿದ್ದ ಅಜ್ಜಿ, ಅಪ್ಪನ ತಾಯಿ, ಎದ್ದು ಬಂದವಳೇ ನನ್ನ ರಟ್ಟೆ ಹಿಡಿದು ಎಬ್ಬಿಸಿದಳು.

"ಕೂಸಿಗೆ ಈಗ ಯಾಕ? ದೊಡ್ಡಾಕಿ ಆದ ಮ್ಯಾಲ ತಾನ ಕಲೀತಾಳ."

"ನಾಳೆ ಗಂಡನ ಮನಿಗೆ ಹೋದ್ರ ನನ್ನ ಬೈತಾರಲ್ರಿ ಅತ್ತಿ," ಎಂದು ಅವ್ವ ನಕ್ಕಳು.

ಅಜ್ಜಿ ನಗಲಿಲ್ಲ. ಅಂದು ಮಧ್ಯಾಹ್ನ ಬೇವಿನ ನೆರಳಿನಲ್ಲಿ ಕುಳಿತು, ತಾನು ಕಲಿತ ಬಗೆಯನ್ನು ನನಗೆ ಹೇಳಿದಳು.

ಅವಳ ತವರು ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿ. ಆಗ ನಿಜಾಮನ ರಾಜ್ಯ. ಅವರ ಓಣಿಯ ಹುಡುಗಿಯರು ಸಾಲಿಯ ಮುಖ ಕಂಡವರಲ್ಲ. ಕಸ, ನೀರು, ಬೀಸುಕಲ್ಲು, ಒಲೆ, ಇಷ್ಟೇ ಅವರ ಓದು. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು. ಅಕ್ಕ ಎಲ್ಲರ ಮುದ್ದು. ಅಪ್ಪನ ಹಿಂದೆ ಹೊಲಕ್ಕೆ ಹೋಗಿ ಹಸಿ ಕಡಲೆ ಕಿತ್ತು ತಿನ್ನುವಳು, ಎತ್ತಿನ ಮೈ ತೊಳೆಯುವಳು, ಒಲೆಯ ಮುಂದೆ ಕೂರೆಂದರೆ ಓಡುವಳು. "ಇಲ್ಲಿ ಇರೋತನಕ ಆಡ್ಲಿ ಬಿಡ್ರಿ," ಎನ್ನುತ್ತಿದ್ದಳು ಅವರ ತಾಯಿ.

ಆ ಅಕ್ಕನನ್ನು ಕುಷ್ಟಗಿ ಕಡೆಯ ಒಂದು ಹಳ್ಳಿಗೆ ಕೊಟ್ಟರು. ತುಂಬಿದ ಮನೆ, ಹೊತ್ತು ಹೊತ್ತಿಗೆ ಬುಟ್ಟಿಗಟ್ಟಲೆ ರೊಟ್ಟಿ ಬೇಕು. ಅವಳು ಬಡಿದ ರೊಟ್ಟಿ ಹಂಚಿಗೆ ಎತ್ತಿ ಹಾಕುವಷ್ಟರಲ್ಲಿ ಹರಿಯುತ್ತಿತ್ತು. ಒಂದು ದಿನ ಅತ್ತೆ ಹರಿದ ರೊಟ್ಟಿಗಳನ್ನೆಲ್ಲ ಅರಿವೆಯಲ್ಲಿ ಗಂಟು ಕಟ್ಟಿ, ಸೊಸೆಯ ತಲೆಯ ಮೇಲೆ ಹೊರಿಸಿ, ಆಳಿನ ಸಂಗಡ ತವರಿಗೆ ಅಟ್ಟಿದಳು. ಊರ ಬಾಗಿಲ ಅಗಸಿಯಲ್ಲಿ ಕುಳಿತವರು ಗಂಟು ಬಿಚ್ಚಿಸಿ ನೋಡಿ ನಕ್ಕರಂತೆ.

ತಾಯಿ ಮಗಳನ್ನು ಹೊಸ್ತಿಲಲ್ಲೇ ಹೊಡೆದಳು. ಆಮೇಲೆ ಕೆಲವು ದಿನ ಕಲಿಸಿದಳು. ಅಕ್ಕನ ಕೈಯ ಮಾತನ್ನು ಹಿಟ್ಟು ಕೇಳಲಿಲ್ಲ.

"ಇನ್ನೊಂದೀಟು ದಿನ ಇರ್ತೀನಬೇ," ಎಂದು ಅವಳು ತಾಯಿಯ ಕಾಲು ಹಿಡಿದಳು.

"ಮಂದಿ ಏನಂದಾರು? ನಡಿ," ಎಂದು ತಾಯಿ ಕಳಿಸಿಬಿಟ್ಟಳು.

ಸುಗ್ಗಿ ಮುಗಿಯುವ ಮೊದಲೇ ಸುದ್ದಿ ಬಂತು. ನೀರಿಗೆ ಹೋದಾಕೆ ಬಾವಿಗೆ ಬಿದ್ದಿದ್ದಳು. ಜಾರಿದಳೋ ಹಾರಿದಳೋ, ಯಾರೂ ಕೇಳಲಿಲ್ಲ. ಅಪ್ಪ ಹೋಗಿ ಮಣ್ಣು ಮಾಡಿ ಬಂದ.

ದಿನಕರ್ಮ ಮುಗಿದ ಮರುದಿನ ತಾಯಿ ಅಜ್ಜಿಯನ್ನು ಎಬ್ಬಿಸಿ ಒಲೆಯ ಮುಂದೆ ಕೂರಿಸಿದಳು. ಅಜ್ಜಿಗೆ ಆರೋ ಏಳೋ ವರ್ಷ. ಮೊದಲ ರೊಟ್ಟಿ ಹರಿಯಿತು. ಮುಂದಿನದೂ ಹರಿಯಿತು. ಆಗ ಅವಳು ಮಗಳ ಎಡಗೈ ಹಿಡಿದು ಕಾದ ಹಂಚಿನ ಮೇಲೆ ಒತ್ತಿದಳು.

"ಇದು ಸುಡತೈತಿ, ಮಾಯತೈತಿ. ಬಾವ್ಯಾಗ ಬಿದ್ದಾಕಿ ತಿರುಗಿ ಬರೂದಿಲ್ಲ," ಎಂದಳಂತೆ.

ಬೊಬ್ಬೆಗೆ ಲೋಳಸರ ಹಚ್ಚಿದವಳೂ ಅವಳೇ. ಗಾಯ ಒಣಗುವ ತನಕ ಹುಡುಗಿ ಒಂದೇ ಕೈಯಲ್ಲಿ ಬೀಸುಕಲ್ಲು ತಿರುಗಿಸಿದಳು. ಗಾಯ ಮಾದ ಮೇಲೆ ಮತ್ತೆ ಒಲೆ. ವರ್ಷ ತುಂಬುವಷ್ಟರಲ್ಲಿ ಅವಳ ರೊಟ್ಟಿ ಎಲೆಯಂತೆ ತೆಳ್ಳಗೆ, ಗುಂಡಗೆ ಬರತೊಡಗಿತು. ಓಣಿಯವರು ಹೊಗಳಿದರು, ತಾಯಿ ಹೊಗಳಲಿಲ್ಲ.

ಅಜ್ಜಿ ಲಗ್ನವಾಗಿ ಕುಷ್ಟಗಿಗೆ ಬಂದ ಮೇಲೆ ತಾಯಿ ಒಮ್ಮೆ ಮಾತ್ರ ಇಲ್ಲಿಗೆ ಬಂದಿದ್ದಳು. ಊಟಕ್ಕೆ ಕುಳಿತವಳು ಬಿಸಿ ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದು, ಎಲ್ಲಾದರೂ ಬಿರುಕು ಇದೆಯೋ ಎಂದು ಹುಡುಕಿದಳು. ಇರಲಿಲ್ಲ. ಒಂದು ತುತ್ತು ಮುರಿದು, ಮತ್ತೆ ತಾಟಿನಲ್ಲೇ ಇಟ್ಟಳು.

"ಆಕಿಗೆ ಮೊದಲ ಹಿಂಗ ಕಲಿಸಿದ್ದಿದ್ರ..." ಎಂದವಳು ಮಾತು ಮುಗಿಸದೆ ಎದ್ದು ಕೈ ತೊಳೆದುಕೊಂಡಳು. ಉಣ್ಣದೆಯೇ ಊರಿಗೆ ಹೋದಳು.

ಇಷ್ಟು ಹೇಳಿ ಅಜ್ಜಿ ಏಳಲು ಹೊರಟಳು.

"ನಿಮ್ಮವ್ವನ ಮ್ಯಾಲ ನಿನಗ ಸಿಟ್ಟು ಇಲ್ಲೇನಬೇ?" ಎಂದು ಕೇಳಿದೆ.

"ಅವ್ವಂದು ಕೈ ನೆಪ್ಪೈತಿ, ಮಾರಿ ನೆಪ್ಪೈತಿ, ಎಲ್ಲಾ ಐತಿ. ಅಕ್ಕನ ಮಾರಿ ಎಷ್ಟು ನೆನಸಿದ್ರೂ ಬರವಲ್ದು. ಅದಕ್ಕ ಸಿಟ್ಟು ಬರತೈತಿ ನೋಡು," ಎಂದಳು.

ಮರುದಿನ ಅವ್ವ ಮತ್ತೆ ಕರೆದಳು. ಅಜ್ಜಿ ತಡೆಯಲಿಲ್ಲ, ಬಗಲಮನೆಗೆ ಎದ್ದು ಹೋದಳು. ನಾನು ಕಲಿತೆ. ಯಾರೂ ನನ್ನ ಮೈ ಮುಟ್ಟಲಿಲ್ಲ, ಒಂದು ಬೈಗುಳವೂ ಬೀಳಲಿಲ್ಲ. ಆದರೂ ಎಷ್ಟೋ ದಿನ ಹಂಚಿನ ಹತ್ತಿರ ಕೈ ಒಯ್ಯುವಾಗ ನನ್ನ ಉಸಿರು ಹಿಡಿಯುತ್ತಿತ್ತು.

ಯಲಬುರ್ಗಾದ ಕಡೆ ಬಸ್ಸಿನಲ್ಲಿ ಹೋಗುವಾಗ ಒಂದು ಹಳ್ಳಿ ಬರುತ್ತದೆ. ಅಲ್ಲಿ ಬಸ್ಸು ನಿಂತಾಗಲೆಲ್ಲ ಅಜ್ಜಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಕೂರುತ್ತಿದ್ದಳು. ಅಕ್ಕನನ್ನು ಕೊಟ್ಟ ಊರು ಅದೇ ಏನು ಎಂದು ನಾನು ಕೇಳಲಿಲ್ಲ.