ಶಾಂತ ಸೂರ್ಯನೂ ನನ್ನ ಬ್ಯಾಡ್ಜೂ

ನನ್ನ ಕೊಡೆ ನೇತುಹಾಕುವ ಮೊಳೆಯ ಪಕ್ಕದಲ್ಲಿ ಇನ್ನೊಂದು ಮೊಳೆಯಿದೆ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಬ್ಯಾಡ್ಜು ಅಲ್ಲಿ ನನಗಾಗಿ ಕಾದಿರುತ್ತದೆ. ಸಕಲೇಶಪುರದ ಸಣ್ಣ ನರ್ಸಿಂಗ್ ಹೋಮೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಎಕ್ಸ್-ರೇ ತೆಗೆಯುತ್ತಿರುವ ನಾನು ಬಾಳ್ಳುಪೇಟೆಯಿಂದ ಬಸ್ಸಿನಲ್ಲಿ ಬಂದಿಳಿದು, ಅದನ್ನು ಎದೆಗೆ ಸಿಕ್ಕಿಸಿಕೊಂಡ ಮೇಲೆಯೇ ಕೆಲಸಕ್ಕೆ ಕೈಹಾಕುವುದು. ನನ್ನ ಮೈಗೆ ಎಷ್ಟು ಕಿರಣ ತಾಗಿತು ಎಂಬುದಕ್ಕೆ ಅದು ಮೂಕಸಾಕ್ಷಿ. ಮೂರು ತಿಂಗಳಿಗೊಮ್ಮೆ ಅದನ್ನು ಪರೀಕ್ಷೆಗೆ ಕಳಿಸುತ್ತೇವೆ, ವರದಿ ಬರುತ್ತದೆ, ನನ್ನ ಹೆಸರಿನ ಮುಂದೆ ಸೊನ್ನೆ ಇರುತ್ತದೆ. ಸೊನ್ನೆ ಎಂದರೆ ಕಿರಣ ತಡೆಯುವ ಗೋಡೆ ಗಟ್ಟಿಯಾಗಿದೆ, ಕೆಲಸ ಚೊಕ್ಕಟವಾಗಿದೆ ಎಂದರ್ಥ. ಶಾಲೆಯಲ್ಲಿ ನೂರಕ್ಕೆ ನೂರು ತೆಗೆದವರು ಪಡುವ ಹೆಮ್ಮೆಯನ್ನು ನಾನು ಈ ಸೊನ್ನೆಗಾಗಿ ಪಟ್ಟಿದ್ದೇನೆ.

ನಿಮ್ಮಲ್ಲಿ ಮುಚ್ಚಿಡುವುದೇನು, ನನಗೆ ಹೊಟ್ಟೆಕಿಚ್ಚು. ಎಲ್ಲರ ಮೇಲಲ್ಲ, ಮಂಜುಳೆಯೊಬ್ಬಳ ಮೇಲೆ. ಆಲೂರಿನ ಈ ಮಂಜುಳೆ ಹಾಸನದ ಕಾಲೇಜಿನಲ್ಲಿ ಮೂರು ವರ್ಷ ನನ್ನ ಬೆಂಚಿನಲ್ಲೇ ಕೂತವಳು, ನನ್ನ ಟಿಫಿನ್ ಡಬ್ಬಿಯ ಅಕ್ಕಿರೊಟ್ಟಿ ತಿಂದವಳು. ಭೌತಶಾಸ್ತ್ರದಲ್ಲಿ ಅವಳಿಗಿಂತ ನನಗೆ ನಾಲ್ಕು ಅಂಕ ಹೆಚ್ಚು ಬಂದಿತ್ತು. ಅವಳು ಇದನ್ನು ಮರೆತಿರಬಹುದು, ನಾನು ಮರೆತಿಲ್ಲ. ಮುಂದಕ್ಕೆ ಓದಬೇಡವೆಂದು ನನ್ನನ್ನು ಯಾರೂ ತಡೆಯಲಿಲ್ಲ. ದೂರದ ಊರು, ಗೊತ್ತಿಲ್ಲದ ಹಾಸ್ಟೆಲ್ಲು, ತಲೆ ತಿನ್ನುವ ಗಣಿತ, ಇವುಗಳನ್ನು ನೆನೆದು ಅಂಜಿ ನಾನೇ ಎಕ್ಸ್-ರೇ ಡಿಪ್ಲೊಮಾದ ಅರ್ಜಿ ತುಂಬಿದೆ. ತಡೆದವರಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು, ಅವರನ್ನಾದರೂ ಬೈದುಕೊಂಡು ಹಗುರಾಗಬಹುದಿತ್ತು. ಮಂಜುಳೆ ಹೋದಳು, ಓದಿದಳು, ಈಗ ಸೂರ್ಯನಿಂದ ಬರುವ ಎಕ್ಸ್-ರೇಗಳನ್ನು ಅಭ್ಯಾಸ ಮಾಡುತ್ತಾಳೆ. ಅವಳದೂ ಎಕ್ಸ್-ರೇ, ನನ್ನದೂ ಎಕ್ಸ್-ರೇ. ಅವಳಿಗೆ ಸೂರ್ಯಮಂಡಲ, ನನಗೆ ಮೆಣಸು ಕೊಯ್ಯಲು ತೋಟದ ಸಿಲ್ವರ್ ಓಕ್ ಮರ ಹತ್ತಿ ಬಿದ್ದವರ ಮೊಣಕಾಲು.

ಹೋದ ವರ್ಷ ಅವಳು ಬಾಳ್ಳುಪೇಟೆಯ ಶಾಲೆಯೊಂದಕ್ಕೆ ಉಪನ್ಯಾಸ ಕೊಡಲು ಬಂದಳು. ಕೆಲಸ ಮುಗಿಸಿ, ಎದೆಯ ಬ್ಯಾಡ್ಜು ತೆಗೆದಿಡಲೂ ನಿಲ್ಲದೆ, ನೇರ ಅಲ್ಲಿಗೇ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಚೆನ್ನಾಗಿ ಮಾತಾಡಿದಳು ಎಂದು ಹೇಳಲು ಈಗಲೂ ನನ್ನ ನಾಲಗೆ ಹಿಂಜರಿಯುತ್ತದೆ, ಆದರೂ ಹೇಳುತ್ತೇನೆ, ಚೆನ್ನಾಗಿಯೇ ಮಾತಾಡಿದಳು. ಸೂರ್ಯನ ಮೈಮೇಲೆ ಕಲೆಗಳೇ ಇಲ್ಲದ, ದೊಡ್ಡ ಸ್ಫೋಟಗಳೇ ಆಗದ ಕಾಲವೊಂದು ಬರುತ್ತದಂತೆ. ಆಗ ಅವನನ್ನು ಶಾಂತ ಸೂರ್ಯ ಎನ್ನುತ್ತಾರಂತೆ. ಅವನ ಎಕ್ಸ್-ರೇ ನಮ್ಮ ಗಾಳಿಯನ್ನು ದಾಟಿ ನೆಲಕ್ಕೆ ಇಳಿಯಲಾರದು, ಆದ್ದರಿಂದ ಉಪಗ್ರಹದಲ್ಲಿ ಉಪಕರಣವಿಟ್ಟು ಮೇಲಕ್ಕೆ ಕಳಿಸಬೇಕು. ಮೊದಮೊದಲ ಉಪಕರಣಗಳಿಗೆ ಶಾಂತ ಸೂರ್ಯನಲ್ಲಿ ಎಣಿಸುವಂಥದ್ದೇನೂ ಸಿಗಲಿಲ್ಲ. ಸೂಕ್ಷ್ಮವಾದವು ಮೇಲೇರಿದಾಗ ನೋಡಿದರೆ, ಆ ನಿರ್ಮಲವಾದ ಮೈಯ ತುಂಬ ಚಿಕ್ಕ ಚಿಕ್ಕ ಹೊಳಪಿನ ಚುಕ್ಕೆಗಳು. ಒಂದಕ್ಕೊಂದು ಎದುರಾದ ಪುಟ್ಟ ಕಾಂತಕ್ಷೇತ್ರಗಳು ಹತ್ತಿರ ಬಂದು, ತಾಗಿ, ಒಂದನ್ನೊಂದು ಅಳಿಸಿಹಾಕುವಾಗ ಅಲ್ಲಿನ ಅನಿಲ ಲಕ್ಷಾಂತರ ಡಿಗ್ರಿ ಕಾದು ಎಕ್ಸ್-ರೇ ಸೂಸುತ್ತದೆ. ಶಾಂತವೆಂಬ ಹೆಸರು ನಾವು ಕೊಟ್ಟದ್ದು, ಸೂರ್ಯನಿಗೆ ಅದು ಗೊತ್ತಿಲ್ಲ ಎಂದು ಅವಳು ಹೇಳಿದಾಗ ಸಭೆ ನಕ್ಕಿತು.

ಪಕ್ಕದಲ್ಲಿ ಕೂತಿದ್ದ ನಮ್ಮ ಬೀದಿಯ ಪಾರ್ವತಮ್ಮನವರು ನನ್ನ ಮೊಣಕೈ ತಿವಿದರು. “ನಿನ್ ಜೊತೇಲೇ ಓದ್ದೋಳಂತಲ್ಲವ್ವ. ನೀನ್ಯಾಕೆ ಇಲ್ಲೇ ಉಳ್ಕಂಬುಟ್ಟೆ?”

ಅಷ್ಟರಲ್ಲಿ ವೇದಿಕೆಯಿಂದ ಮಂಜುಳೆ ನನ್ನತ್ತ ಕೈ ತೋರಿಸಿ, “ಅಲ್ಲಿ ಹಿಂದೆ ಕೂತಿದ್ದಾಳಲ್ಲ, ನನ್ನ ಗೆಳತಿ ಗಿರಿಜಾ, ನಾನು ವರ್ಷವಿಡೀ ಕಾದು ಹಿಡಿಯೋ ಎಕ್ಸ್-ರೇನ ಅವಳು ಒಂದು ಬೆಳಿಗ್ಗೆಗೇ ಖರ್ಚು ಮಾಡ್ತಾಳೆ” ಎಂದಳು. ಎಲ್ಲರೂ ತಿರುಗಿ ನೋಡಿ ಚಪ್ಪಾಳೆ ತಟ್ಟಿದರು. ಸ್ನೇಹಿತರೇ, ಬೈಗುಳವನ್ನು ನುಂಗಬಹುದು. ನಾವು ಯಾರನ್ನು ಕಂಡು ಕರುಬುತ್ತೇವೋ ಅವರು ಮನಸಾರೆ ಹೊಗಳಿದರೆ ಅದು ಗಂಟಲಲ್ಲಿ ಇಳಿಯುವುದಿಲ್ಲ.

ಉಪ್ಪಿಟ್ಟು ಕಾಫಿ ಕೊಡುವಾಗ ಅವಳು ಬಂದು ನನ್ನ ಬ್ಯಾಡ್ಜು ಮುಟ್ಟಿ ನೋಡಿದಳು. “ಇದ್ರಲ್ಲಿ ಎಷ್ಟು ಬತ್ತದೆ ಕಣೆ ನಿಂಗೆ?”

“ಸೊನ್ನೆ,” ಎಂದೆ.

“ಯಾವಾಗ್ಲೂವಾ?”

“ಯಾವಾಗ್ಲೂ.”

“ಒಳ್ಳೇದೇ ಬಿಡು,” ಎಂದು ನಕ್ಕಳು. ಅವಳ ನಗುವಿನಲ್ಲಿ ಒಂದು ಎಳ್ಳಿನಷ್ಟೂ ಕೊಂಕಿರಲಿಲ್ಲ. ಕೊಂಕನ್ನೆಲ್ಲ ನಾನೇ ಒದಗಿಸಿಕೊಂಡೆ. ಅವಳ ಹೆಸರಿನ ಮುಂದೆ ಸೂರ್ಯ, ನನ್ನ ಹೆಸರಿನ ಮುಂದೆ ಇಪ್ಪತ್ತಾರು ವರ್ಷದ ಸೊನ್ನೆ, ಎಂದುಕೊಂಡೇ ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ನಾನು ಮಾಡಿದ್ದನ್ನು ಈ ಕಸುಬಿನವರಿಗೆ ಹೇಳಿದರೆ ತಲೆ ಚಚ್ಚಿಕೊಂಡಾರು. ಬ್ಯಾಡ್ಜನ್ನು ಎದೆಗೆ ಸಿಕ್ಕಿಸಿಕೊಳ್ಳಲಿಲ್ಲ. ರೋಗಿಗಳು ಎದೆಯೊತ್ತಿ ನಿಲ್ಲುವ ಸ್ಟ್ಯಾಂಡಿನ ಮೂಲೆಗೆ, ಪಟದಲ್ಲಿ ಬೀಳದ ಹಾಗೆ, ಅದನ್ನು ನೇತುಹಾಕಿದೆ. ಸಂಜೆಯವರೆಗೆ ಬಂದವರಿಗೆಲ್ಲ “ಉಸಿರು ಎಳ್ಕಳಿ, ಹಂಗೇ ಹಿಡ್ಕಳಿ” ಎನ್ನುತ್ತ ಗುಂಡಿ ಒತ್ತಿದೆ. ಒಂದೇ ಒಂದು ಸಲ ನನ್ನ ಹೆಸರಿನ ಮುಂದೆ ಏನಾದರೊಂದು ಅಂಕಿ ಇರಲಿ ಎಂಬ ಆಸೆ, ಅಷ್ಟೇ.

ಮುಂದಿನ ವರದಿಯಲ್ಲಿ ಅಂಕಿ ಬಂತು. ಅದರ ಜೊತೆಗೆ ಬ್ಯಾಡ್ಜು ಪರೀಕ್ಷಿಸುವವರ ಕಾಗದವೂ ಬಂತು. ಇಷ್ಟು ಕಿರಣ ಮೈಗೆ ತಾಗಿದ್ದು ಹೇಗೆ, ವಿವರಣೆ ಕೊಡಿ, ಅಲ್ಲಿಯವರೆಗೆ ಈ ಸಿಬ್ಬಂದಿಯನ್ನು ಯಂತ್ರದ ಹತ್ತಿರ ಬಿಡಬೇಡಿ ಎಂದಿತ್ತು. ನಮ್ಮ ಡಾಕ್ಟರು ಗಾಬರಿಯಾಗಿ ನನ್ನ ರಕ್ತ ಪರೀಕ್ಷೆ ಮಾಡಿಸಿದರು, ನನ್ನನ್ನು ಚೀಟಿ ಬರೆಯುವ ಕೌಂಟರಿಗೆ ಕೂರಿಸಿದರು, ಹಾಸನದಿಂದ ಬೇರೊಬ್ಬಾಕೆಯನ್ನು ಕರೆಸಿದರು. ಆಕೆ ನನ್ನ ಖುರ್ಚಿಯನ್ನು ತನಗೆ ಬೇಕಾದಷ್ಟು ತಗ್ಗಿಸಿಕೊಂಡಳು. ನನ್ನ ಸೀಸದ ಏಪ್ರನ್ನನ್ನು ಮಡಿಚಿಟ್ಟಳು; ಅದನ್ನು ಮಡಿಚಬಾರದು, ಒಳಗೆ ಬಿರುಕು ಬಿಡುತ್ತದೆ, ನೇತೇ ಹಾಕಬೇಕು. ಮುಚ್ಚಿದ ಬಾಗಿಲಿನಾಚೆ ಯಂತ್ರ ಗುಂಯ್‌ಗುಟ್ಟಿದಾಗಲೆಲ್ಲ ನಾನು ಚೀಟಿ ಬರೆಯುವುದನ್ನು ನಿಲ್ಲಿಸಿ ಆ ಬಾಗಿಲನ್ನೇ ನೋಡುತ್ತಿದ್ದೆ. ಮೂವತ್ತು ವರ್ಷ ಸೂರ್ಯನಿಗಾಗಿ ಕರುಬಿದವಳು ಈಗ ಹತ್ತಡಿ ಕೋಣೆಗಾಗಿ ಕರುಬುತ್ತಿದ್ದೆ, ಮತ್ತು ಈ ಕರುಬು ಹಳೆಯದಕ್ಕಿಂತ ಬಲವಾಗಿತ್ತು.

ವಾರ ಕಳೆದ ಮೇಲೆ ಡಾಕ್ಟರು ಫಾರಂ ತುಂಬಲು ಕೂತರು. ಬ್ಯಾಡ್ಜು ಕೋಣೆಯಲ್ಲೇ ಉಳಿದಿತ್ತೆಂದು ನಾನು ಅವರಿಗೆ ಅಷ್ಟರಲ್ಲಿ ಹೇಳಿದ್ದೆ, ಯಾಕೆಂದು ಹೇಳಿರಲಿಲ್ಲ.

“ಗಿರಿಜಮ್ಮ, ಮರೆತು ಬಿಟ್ಟು ಹೋಗಿದ್ರು ಅಂತ ಬರೀತೀನಿ. ಅಲ್ಲಿಗೆ ಮುಗೀತದೆ,” ಎಂದರು.

ಒಪ್ಪಿಬಿಟ್ಟಿದ್ದರೆ ಸುಲಭವಿತ್ತು. ಆದರೆ ನಾನು ಆ ಕೋಣೆಯಲ್ಲಿ ಏನನ್ನೂ ಮರೆತವಳಲ್ಲ. ಸುಳ್ಳು ಬರೆದು ಒಳಗೆ ಹೋದರೆ ಆ ಕೋಣೆ ನನ್ನದಾಗಿ ಉಳಿಯುವುದಿಲ್ಲ ಅನ್ನಿಸಿತು.

“ಮರೆತಿಲ್ಲ ಡಾಕ್ಟ್ರೇ. ಬೇಕಂತಲೇ ಇಟ್ಟೆ.”

“ಯಾಕೆ?”

“ಹೊಟ್ಟೆಕಿಚ್ಚಿಗೆ.”

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಇದಕ್ಕೆ ಫಾರಂನಲ್ಲಿ ಜಾಗ ಇಲ್ಲ ಕಣಮ್ಮ,” ಎಂದವರು, ‘ಸಿಬ್ಬಂದಿ ತಿಳಿದೇ ಇಟ್ಟಿದ್ದರು, ಕಾರಣ ವೈಯಕ್ತಿಕ’ ಎಂದು ಬರೆದರು. ಎಚ್ಚರಿಕೆಯ ಪತ್ರವೊಂದು ಬಂತು, ಅದು ನನ್ನ ಫೈಲಿನಲ್ಲಿ ಇವತ್ತಿಗೂ ಇದೆ. ಹಾಸನದಾಕೆ ಹೋದಳು. ನಾನು ಖುರ್ಚಿ ಎತ್ತರಿಸಿಕೊಂಡು, ಏಪ್ರನ್ ಬಿಡಿಸಿ ನೇತುಹಾಕಿದೆ.

ಆ ಸಂಜೆ ಮಂಜುಳೆಗೆ ಫೋನು ಮಾಡಿ ಎಲ್ಲವನ್ನೂ ಹೇಳಿಬಿಟ್ಟೆ, ಹೊಟ್ಟೆಕಿಚ್ಚನ್ನೂ ಸೇರಿಸಿ. ಅವಳು ಮೆಲ್ಲಗೆ, “ನಾಲ್ಕು ಮಾರ್ಕಿಂದು ನಂಗೂ ಇನ್ನೂ ನೆನಪೈತೆ ಕಣೆ,” ಎಂದಳು.

ಹೋದ ವಾರ ಹೊಸ ವರದಿ ಬಂತು. ಅದನ್ನು ಬಿಡಿಸುವ ಹೊತ್ತಿಗೆ ಮೇಜಿನ ಮೇಲಿದ್ದ ಪತ್ರಿಕೆಯಲ್ಲಿ ಮಂಜುಳೆಯ ಫೋಟೊ ಇತ್ತು, ಯಾವುದೋ ಸಮ್ಮೇಳನದಲ್ಲಿ ಶಾಲು ಹೊದ್ದು ನಿಂತಿದ್ದಳು. ಒಮ್ಮೆ ನೋಡಿದೆ, ಮಡಿಚಿಟ್ಟೆ, ಮತ್ತೆ ತೆಗೆದು ನೋಡಿದೆ. ಹೊರಗೆ ಕಾಲು ಊದಿಸಿಕೊಂಡ ಒಬ್ಬರು ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ಮೊಳೆಯಿಂದ ಬ್ಯಾಡ್ಜು ತೆಗೆದು, ಉರಿಯುತ್ತಿದ್ದ ಎದೆಗೇ ಸಿಕ್ಕಿಸಿಕೊಂಡೆ. ವರದಿಯಲ್ಲಿ ಸೊನ್ನೆ ಇತ್ತು.