ಒದ್ದೆ ಬಟ್ಟೆ ಕಾಣದ ಕಪಾಟು

ತುಂಬಿದ ಲೋಕಲ್ ರೈಲಿನಲ್ಲಿ ಮಿಕ್ಕವರೆಲ್ಲ ಜೇಬು, ಟಿಫಿನ್ ಡಬ್ಬಿ ಕಾಪಾಡಿಕೊಳ್ಳುತ್ತಿದ್ದರೆ, ವಾಸುಕಾಕಾ ಧೂಳು ಕೊಡವುವ ಕೋಳಿಗರಿಯ ಕುಂಚವೊಂದನ್ನು ತಲೆಗಿಂತ ಎತ್ತರಕ್ಕೆ ಹಿಡಿದುಕೊಂಡು ಭಾಂಡುಪ್ ಸ್ಟೇಷನ್ನಿನಲ್ಲಿ ಇಳಿದರಂತೆ. ಒಂದು ಗರಿಯೂ ಮುರಿದಿರಲಿಲ್ಲ, ಅವರ ಅಂಗಿಯ ಗುಂಡಿಗಳು ಮಾತ್ರ ಕಿತ್ತುಹೋಗಿದ್ದವು. ಕರೆತರಲು ಹೋಗಿದ್ದ ನಮ್ಮವರು ಇದನ್ನು ಹೇಳಿದಾಗ ನಾನೂ ನಕ್ಕೆ. ಆ ನಗು ಬಹಳ ದಿನ ಬಾಳಲಿಲ್ಲ.

ವಾಸುಕಾಕಾ ನಮ್ಮವರ ಚಿಕ್ಕಪ್ಪ. ಹುಡುಗರಾಗಿದ್ದಾಗಲೇ ಧಾರವಾಡ ಬಿಟ್ಟು ಬಂದು, ಮದುವೆ ಗಿದುವೆ ಎನ್ನದೆ ಈ ಶಹರದ ಒಳಭಾಗದ ಫರ್ನಿಚರ್ ಅಂಗಡಿಯೊಂದರಲ್ಲಿ ಆಯುಷ್ಯ ಕಳೆದವರು. ಅರವತ್ತರ ದಶಕದ ಕೊನೆಗೆ ಅಂಗಡಿ ಮುಚ್ಚಿದಾಗ ಮಾಲಿಕ ಅವರಿಗೊಂದು ಸಾಗವಾನಿ ಕಪಾಟು ಕೊಟ್ಟ. ಕಾಕಾ ನಮ್ಮಲ್ಲೇ ಇರಲು ಬಂದರು, ಮುಖ ನೋಡಿಕೊಳ್ಳುವಷ್ಟು ಪಾಲಿಶ್ ಇದ್ದ ಆ ಕಪಾಟು ಕೈಗಾಡಿಯಲ್ಲಿ ಹಿಂದೆಯೇ ಬಂತು. ಚಾಳಿನ ನಮ್ಮ ಎರಡು ಖೋಲಿಗಳಲ್ಲಿ ಒಂದರ ಅರ್ಧ ಅದಕ್ಕೇ ಹೋಯಿತು. ಎದುರಿಗೆ ಕಾರ್ಖಾನೆಯ ಚಿಮಣಿ. ಬೆಳಿಗ್ಗೆ ಒರೆಸಿದ್ದರ ಮೇಲೆ ಮಧ್ಯಾಹ್ನಕ್ಕೆ ಬೆರಳಿನಿಂದ ಹೆಸರು ಬರೆಯಬಹುದಿತ್ತು.

ಇಂಥ ಮನೆಯಲ್ಲಿ ಕಾಕಾ ತಮ್ಮ ಶಾಸ್ತ್ರ ಶುರು ಮಾಡಿದರು. ಕಪಾಟಿಗೆ ಕೋಳಿಗರಿ. ರೇಡಿಯೋದ ಜಾಳಿಗೆಗೆ ಹಳೆಯ ದಾಡಿ ಬ್ರಶ್. ಫೋಟೋಗಳಿಗೆ ಸವೆದ ಮಲ್ಮಲ್ ಧೋತರದ ತುಂಡು, ಅದೂ ಅಂಚು ಕತ್ತರಿಸಿದ್ದು, ಅಂಚಿನ ದಾರ ಗಾಜಿಗೆ ಗೀರು ಹಾಕುತ್ತದೆಂದು. ಕೋಳಿಗರಿ ದೇವರ ಹತ್ತಿರ ಸುಳಿಯಕೂಡದು, ಅಲ್ಲಿಗೆ ನವಿಲುಗರಿ. ಒಂದರ ಬದಲು ಇನ್ನೊಂದು ಎತ್ತಿಕೊಂಡೆನೋ, ಕುರ್ಚಿಯಿಂದಲೇ ಧ್ವನಿ ಬರುತ್ತಿತ್ತು: “ಅದಲ್ಲವ್ವಾ, ಅದಲ್ಲ. ಧೂಳ ಅಂದ್ರ ಗಿರಾಕಿ ಇದ್ದಾಂಗ. ನೂಕಬಾರದು. ಹಗೂರಕ ಹೊರಗ ಕಳಸಬೇಕು.”

ಕುರ್ಚಿಯಿಂದಲೇ ಎಂದೆನಲ್ಲ, ನನಗೆ ಸಿಟ್ಟು ಬರುತ್ತಿದ್ದದ್ದು ಅದಕ್ಕೇ. ಆಯ್ಕೆ ಅವರದು, ಕೆಲಸ ನನ್ನದು. ಸ್ಟೋವ್ ಮೇಲೆ ಸಾರು ಕುದಿಯುತ್ತಿರುವಾಗ ನಾನು ದಾಡಿ ಬ್ರಶ್ ಹಿಡಿದು ರೇಡಿಯೋದ ಹಲ್ಲು ತಿಕ್ಕಬೇಕು. ಒಮ್ಮೆ ತಡೆಯದೆ ಕೇಳಿದೆ: “ಕಾಕಾ, ಗರೀಲೆ ಹಾರಿಸಿದ ಧೂಳ ಹೋಗೂದರೆ ಎಲ್ಲಿಗ್ರಿ?”

“ಹೋಗತದವಾ, ಹೊರಗ,” ಎಂದರು.

ಅಂಗಡಿಯಲ್ಲಿ ಹೋಗುತ್ತಿತ್ತು. ಅಲ್ಲಿ ಗೋಡೆಯಗಲದ ಬಾಗಿಲು ತೆರೆದರೆ ರಸ್ತೆ. ಮಾಲು ಹೊಳೆದರಾಯಿತು, ಧೂಳಿನ ಗತಿ ಯಾರು ಕೇಳುತ್ತಾರೆ? ನಮ್ಮಲ್ಲಿದ್ದದ್ದು ಒಂದು ಕಿಟಕಿ. ಹಾರಿದ ಧೂಳು ಸುತ್ತಿ ಸುತ್ತಿ ನಮ್ಮ ಹಾಸಿಗೆಯ ಮೇಲೆ, ನನ್ನ ಮಗಳು ಶೈಲಾಳ ಮೂಗಿನೊಳಗೆ ಇಳಿಯುತ್ತಿತ್ತು.

ಶೈಲಾಗೆ ಆಗ ಐದು ವರ್ಷ, ಹುಟ್ಟಿದಾಗಿನಿಂದ ದಮ್ಮು. ಕಾಕಾ ಬಂದ ಮೇಲೆ ಅದು ಹೆಚ್ಚಾಯಿತು. ಡಾಕ್ಟರು ಮರಾಠಿಯವರು, ಹಿಂದಿಯಲ್ಲಿ ಒಂದೇ ಮಾತು ಹೇಳಿದರು: “ಸೂಖಾ ಝಾಡನಾ ಬಂದ್. ಗೀಲಾ ಕಪಡಾ.” ಒಣಗಿದ್ದು ಕೊಡವಬಾರದು, ಎಲ್ಲವನ್ನೂ ಒದ್ದೆ ಬಟ್ಟೆಯಿಂದ ಒರೆಸಬೇಕು. ಮನೆಗೆ ಬಂದವಳೇ ಒದ್ದೆ ಬಟ್ಟೆ ತೆಗೆದುಕೊಂಡು ಕಪಾಟಿನಿಂದಲೇ ಆರಂಭಿಸಿದೆ. ಸಂಜೆಯೊಳಗೆ ಅದರ ಬಾಗಿಲ ಮೇಲೆ, ನೀರು ತಾಗಿ ಪಾಲಿಶ್ ಹೋದಲ್ಲಿ, ಅಂಗೈಯಗಲದ ಬಿಳಿ ಕಲೆ ಎದ್ದಿತು. ಕಾಕಾ ಬಹಳ ಹೊತ್ತು ಅದನ್ನು ಸವರಿದರು, ಊಟಕ್ಕೆ ಏಳಲಿಲ್ಲ. ಮರುದಿನ ಕಪಾಟಿಗೆ ಹಳೆಯ ಚಾದರ ಹೊದಿಸಿದರು. ಈಗ ಚಾದರವೂ ಧೂಳು ಹಿಡಿಯತೊಡಗಿತು. ಇನ್ನೇನು ಮಾಡಬೇಕಿತ್ತು ನಾನು? ನಮ್ಮವರನ್ನು ಕೇಳಿದರೆ, “ಇಬ್ಬರದೂ ಖರೇನ ಅದ,” ಎಂದು ಪೇಪರಿನ ಹಿಂದೆ ಮರೆಯಾದರು.

ಆ ವರ್ಷ ದಸರೆಗೆ ಧಾರವಾಡದಿಂದ ಊರಿನವರು ಬರುವವರಿದ್ದರು. ನಾನು ಮಾರ್ಕೆಟ್ಟಿಗೆ ಹೋಗಿದ್ದಾಗ, ಎಂದೂ ಕುರ್ಚಿ ಬಿಡದ ಕಾಕಾ ಚಾದರ ಕೊಡವಿ, ಗರಿಕುಂಚ ಹಿಡಿದು ಕಪಾಟು ಸಿಂಗರಿಸಿದ್ದಾರೆ. ಚಿಮಣಿಯ ಹೊಗೆ ಬರುತ್ತದೆಂದು ಕಿಟಕಿ ಬೇರೆ ಮುಚ್ಚಿದ್ದಾರೆ. ನಾನು ಬಂದಾಗ ಶೈಲಾ ಗೋಡೆಗೆ ಒರಗಿ ಕೂತಿದ್ದಳು, ತುಟಿ ನೀಲಿ. ಎತ್ತಿಕೊಂಡು ಡಾಕ್ಟರ ಕಡೆಗೆ ಓಡಿದೆ. ಇಂಜೆಕ್ಷನ್ ಆಗಿ ಉಸಿರು ಹದಕ್ಕೆ ಬರುವವರೆಗೆ ನನ್ನ ಜೀವ ನನ್ನಲ್ಲಿರಲಿಲ್ಲ. ಮನೆಗೆ ಮರಳಿದರೆ ಕಾಕಾ ಇನ್ನೂ ಕುಂಚ ಹಿಡಿದೇ ನಿಂತಿದ್ದರು. ಕಸಿದು ಗ್ಯಾಲರಿಯಿಂದ ಗಟಾರಕ್ಕೆ ಎಸೆದೆ.

“ಪಾಲಿಶ್ ಒಮ್ಮೆ ಹೋತಂದ್ರ ಮತ್ತ ಬರೂದಿಲ್ಲವಾ,” ಎಂದರು, ಮೆಲ್ಲಗೆ.

“ಹುಡುಗಿ ಹೋದ್ರ ಬರತಾಳೇನ್ರಿ?” ಎಂದೆ. ಎಂದದ್ದಕ್ಕೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ವಾರದೊಳಗೆ ಅವರು ಇದೇ ಶಹರದ ವಡಾಲದಲ್ಲಿದ್ದ ತಮ್ಮ ತಂಗಿಯ ಮನೆಗೆ ಹೊರಟರು, ಕಪಾಟೂ ಹೋಯಿತು. ಸುಳ್ಳು ಯಾಕೆ ಹೇಳಲಿ, ನನಗೆ ಹಾಯೆನಿಸಿತು. ಶೈಲಾ ಮಾತ್ರ ಅಜ್ಜ ಎಲ್ಲಿ ಎಂದು ಕೇಳುತ್ತಲೇ ಇದ್ದಳು. ಅವಳ ಕಾಟ ತಾಳದೆ ಮುಂದಿನ ಬೇಸಿಗೆಯಲ್ಲಿ ವಡಾಲಕ್ಕೆ ಹೋದೆವು.

ಬಾಗಿಲು ತೆರೆದದ್ದು ಕಾಕಾ. ಕಾಲ ಬಳಿ ಬಾಲ್ದಿ, ಕೈಯಲ್ಲಿ ಒದ್ದೆ ಬಟ್ಟೆ. ಹಿಂದೆ ಕಪಾಟು ನಿಂತಿತ್ತು, ಮೇಲಿನಿಂದ ಕೆಳಗಿನವರೆಗೆ ಬಿಳಿ ಬಿಳಿ ಕಲೆ. ಒಂದೆಡೆಯೂ ಮುಖ ಕಾಣುತ್ತಿರಲಿಲ್ಲ.

ಅವರ ತಂಗಿ ಒಳಗಿನಿಂದಲೇ ಹೇಳಿದರು: “ನೀವು ಬರತೀರಿ ಅಂತ ಕಾಗದ ಬಂದಾಗಿಂದ ದಿನಾ ಒರಸೂದ ನಡದದ. ಯಾರ ಮಾತೂ ಕೇಳೂದಿಲ್ಲ.”

“ಪಾಲಿಶ್ ಎಲ್ಲಾ ಹೋತಲ್ರಿ ಕಾಕಾ,” ಎಂದೆ.

“ಹೋಗಲಿ ಬಿಡವಾ. ಪಾಲಿಶಿಗೇನ ದಮ್ಮ ಹತ್ತತದೇನು,” ಎಂದು ಶೈಲಾಳನ್ನು ಕಪಾಟಿನ ಪಕ್ಕದಲ್ಲೇ ಕೂಡಿಸಿದರು. ಅವಳು ಉಸಿರಾಡುವುದನ್ನೇ ತಲೆ ವಾಲಿಸಿ ಕೇಳುತ್ತಿದ್ದರು.

ಆ ಮಳೆಗಾಲದಲ್ಲಿ ಕಾಕಾ ತೀರಿಕೊಂಡರು, ಕಪಾಟು ಮತ್ತೆ ನಮ್ಮ ಮನೆಗೆ ಬಂತು. ದಿನಾ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ, ಒರೆಸುತ್ತಲೇ ಬೈಯುತ್ತೇನೆ: ಈ ಬುದ್ಧಿ ಇಲ್ಲಿದ್ದಾಗಲೇ ಬಂದಿದ್ದರೆ ನೀವು ಹೋಗಬೇಕಾಗಿತ್ತೇ? ಸಿಟ್ಟಿನಲ್ಲಿ ನಾನು ಎಬ್ಬಿಸಿದ ಮೊದಲ ಕಲೆಯನ್ನು ಹುಡುಕುತ್ತೇನೆ. ಅವರ ಕಲೆಗಳ ನಡುವೆ ಅದು ಸಿಗುವುದಿಲ್ಲ.